ಓದಕ್ಕನ ಗಂಟಲು

ನಮ್ಮ ಪ್ರೆಸ್ಸಿನಲ್ಲಿ ಅವರಿಗೆ ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇದೆ. ಉಳಿದಂತೆ ಎಲ್ಲರಿಗೂ ಅವರು ಓದಕ್ಕ. ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು ಅವರ ಕೆಲಸ. ಎದುರಿಗೆ ಕೂತ ಮೇಷ್ಟ್ರು, ಅಂದರೆ ಕರಡು ತಿದ್ದುವವರು, ಅದನ್ನು ಕೇಳುತ್ತ ಅಚ್ಚಿಗೆ ಹೋಗಬೇಕಾದ ಕರಡಿನ ಮೇಲೆ ಪೆನ್ಸಿಲ್ ಓಡಿಸುತ್ತಾರೆ. ಕಿವಿಗೆ ಬಿದ್ದದ್ದೂ ಕಣ್ಣಿಗೆ ಕಂಡದ್ದೂ ಒಂದೇ ಆಗದಿದ್ದರೆ ಪೆನ್ಸಿಲ್ ನಿಲ್ಲುತ್ತದೆ. ಅದು ನಿಂತಾಗಲೆಲ್ಲ ನಾನು ಕುಟ್ಟುವುದನ್ನು ಬಿಟ್ಟು ಆ ಕಡೆ ಕಿವಿಗೊಡುತ್ತೇನೆ. ಆ ಕರಡನ್ನು ಕಂಪ್ಯೂಟರಿನಲ್ಲಿ ಕುಟ್ಟಿದವನು ನಾನು.

ನಾವು ಅಚ್ಚು ಹಾಕುವುದು ಕಥೆ ಕಾದಂಬರಿಯಲ್ಲ. ಔಷಧದ ಡಬ್ಬಿಯೊಳಗೆ ಎಂಟು ಮಡಿಕೆ ಮಾಡಿ ತುರುಕಿರುತ್ತಾರಲ್ಲ, ಯಾರೂ ಓದದೆ ಬಿಸಾಡುವ ಕಾಗದ, ಅದು. ಇರುವೆ ಗಾತ್ರದ ಅಕ್ಷರ. ಒಂದು ಸೊನ್ನೆ ಹೆಚ್ಚಾದರೆ ಯಾರದೋ ಜೀವಕ್ಕೆ ಸಂಚಕಾರ. ಅದಕ್ಕೇ ಓದಕ್ಕ ಬರೀ ಪದಗಳನ್ನು ಓದುವುದಿಲ್ಲ. ಚುಕ್ಕೆ, ಗೆರೆ, ಒತ್ತು, ದೀರ್ಘ ಎಲ್ಲವನ್ನೂ ಓದುತ್ತಾರೆ. 'ಔಷಧ ಹೊಟ್ಟೆ ಸೀಳಿದ ಷ ಮಹಾಪ್ರಾಣ ಧ ಅಲ್ಪವಿರಾಮ ಊಟದ ನಂತರ ಪೂರ್ಣವಿರಾಮ' ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಹೊಸಬರು ಕೇಳಿದರೆ ತಲೆ ಚಿಟ್ಟು ಹಿಡಿಯುತ್ತದೆ. ಹತ್ತೊಂಬತ್ತು ವರ್ಷದಿಂದ ಬಾಗಿಲ ಪಕ್ಕದ ಅದೇ ಕೋಣೆ, ಅದೇ ಹಸಿರು ಮೇಜು, ಅದೇ ಇಬ್ಬರು. ಓದುವುದರಲ್ಲಿ ಅವರು ಒಂದೇ ಒಂದು ತಪ್ಪು ಮಾಡಿದ್ದನ್ನು ನಾನು ಕಂಡಿಲ್ಲ. ನನ್ನ ತಪ್ಪುಗಳನ್ನು ಹಿಡಿದುಕೊಟ್ಟದ್ದಕ್ಕೆ ಲೆಕ್ಕವಿಲ್ಲ, ಅದರ ಸಿಟ್ಟು ನನಗೆ ಇದ್ದೇ ಇದೆ.

ಆ ಕೆಲಸಕ್ಕೆ ಒಂದು ನಿಯಮವಿದೆ. ಮೊದಲ ದಿನವೇ ಮೇಷ್ಟ್ರು ಅವರಿಗೆ ಹೇಳಿಕೊಟ್ಟದ್ದಂತೆ: ಓದು, ಆದರೆ ಅರ್ಥ ಮಾಡಿಕೊಳ್ಳಬೇಡ. ಅರ್ಥವಾಗತೊಡಗಿದರೆ ಮನಸ್ಸು ಮುಂದೆ ಓಡುತ್ತದೆ, ಕಾಗದದ ಮೇಲೆ ಇಲ್ಲದ್ದು ಬಾಯಿಗೆ ಬರುತ್ತದೆ. ಓದಕ್ಕ ಈ ವಿದ್ಯೆಯಲ್ಲಿ ಎಷ್ಟು ಪಳಗಿದ್ದರೆಂದರೆ ಬೆಳಗಿಂದ ಸಂಜೆಯವರೆಗೆ ಮೂತ್ರಪಿಂಡ, ಯಕೃತ್ತು, ವಾಕರಿಕೆ ಎಂದೆಲ್ಲ ಓದಿ, ಇವತ್ತು ಯಾವ ಮಾತ್ರೆಯದು ಓದಿದಿರಿ ಎಂದು ಕೇಳಿದರೆ ಮಿಕಮಿಕ ನೋಡುತ್ತಿದ್ದರು.

ಗಂಟಲು ಕೆಟ್ಟ ಸುದ್ದಿ ಮೊದಲು ಗೊತ್ತಾದದ್ದು ಮೇಷ್ಟ್ರಿಗೆ. ಒಂದು ಮಂಗಳವಾರ ಅವರ ಪೆನ್ಸಿಲ್ ಸಾಲುಸಾಲಿಗೆ ನಿಲ್ಲತೊಡಗಿತು. ನಾನು ಎದ್ದು ಹೋಗಿ ನೋಡಿದರೆ ತಪ್ಪು ನನ್ನದಲ್ಲ. ಓದಕ್ಕನ ಬಾಯಲ್ಲಿ ಮಹಾಪ್ರಾಣಗಳು ಹೊರಡುತ್ತಲೇ ಇರಲಿಲ್ಲ. ಧ ಎಂದದ್ದು ದ ಆಗುತ್ತಿತ್ತು, ಖ ಎಂದದ್ದು ಕ. ಒಂದೊಂದು ಮಹಾಪ್ರಾಣ ಹೇಳುವಾಗಲೂ ಪ್ರಾಣ ಹೋದಂತೆ ಮುಖ ಸಿಂಡರಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಉಗುಳು ನುಂಗಲೂ ಆಗದೆ ಕರವಸ್ತ್ರ ಹಿಡಿದು ಕೂತರು. ಮೈ ಕೆಂಡ. ಮೇಷ್ಟ್ರು ಪೆನ್ಸಿಲ್ ಕೆಳಗಿಟ್ಟು ಮನೆಗೆ ಹೋಗಲು ಹೇಳಿದರು.

ಮನೆಯಲ್ಲಿ ಇರುವುದು ಅವರು ಮತ್ತು ಅವರ ತಂಗಿ. ತಂಗಿ ದರ್ಜಿ, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಕೊರಳಲ್ಲಿ ಸದಾ ಅಳತೆಯ ಟೇಪು. ಇನ್ನು ಮುಂದೆ ಹೇಳುವ ಅವರ ಮನೆಯ ಸಂಗತಿಗಳನ್ನು ನಾನು ಆ ತಂಗಿಯ ಬಾಯಿಂದ ಕೇಳಿದ್ದು. ಅವರು ಹೇಳುವಾಗ ಒಂದಕ್ಕೆ ಎರಡು ಸೇರಿಸುತ್ತಾರೆ ಎಂಬ ಅನುಮಾನ ನನಗಿದೆ, ಆದರೆ ಓದಕ್ಕ ಪಕ್ಕದಲ್ಲೇ ಕೂತು ಅಲ್ಲಗಳೆಯಲಿಲ್ಲ.

ಹತ್ತಿರದ ಆಸ್ಪತ್ರೆಯಲ್ಲಿ ಕಾದು ಕೂರಲು ಓದಕ್ಕನಿಗೆ ಆಗುವಂತಿರಲಿಲ್ಲ. ಫೋನಿನಲ್ಲೇ ನೋಡುವ ಡಾಕ್ಟರನ್ನು ತಂಗಿ ಹುಡುಕಿದರು. ಮರುದಿನ ಬೆಳಿಗ್ಗೆ ಹತ್ತೂಕಾಲಿಗೆ ಸಮಯ ಸಿಕ್ಕಿತು. ಪರದೆಯ ಮೇಲೆ ಬಂದ ಡಾಕ್ಟರಮ್ಮ ಎಳೆ ವಯಸ್ಸಿನವರು, ಹಿಂದೆ ಬಿಳಿ ಗೋಡೆ. ಏನು ತೊಂದರೆ ಎಂದರು. ಓದಕ್ಕ ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಂಡಿದ್ದರು. ಬರೆದದ್ದು ಕೈಗೆ ಬಂದರೆ ಅವರಿಗೆ ಓದುವುದು ಒಂದೇ ರೀತಿ. ಜ್ವರ ಅಲ್ಪವಿರಾಮ ತಲೆನೋವು ಅಲ್ಪವಿರಾಮ ನುಂಗಲು ಆಗುವುದಿಲ್ಲ ಅಲ್ಪವಿರಾಮ ಕೆಮ್ಮು ಇಲ್ಲ ಪೂರ್ಣವಿರಾಮ, ಎಂದು ಊದಿಕೊಂಡ ಗಂಟಲಲ್ಲಿ ಓದಿದರು.

ಡಾಕ್ಟರಮ್ಮ ಬರೆದುಕೊಳ್ಳುತ್ತಿದ್ದವರು ಕತ್ತೆತ್ತಿ, "ಆ ಮಾತ್ರೆ ಹೆಸರು ಸರಿಯಾಗಿ ಕೇಳಿಸಲಿಲ್ಲ. ದಿನಕ್ಕೆ ಎಷ್ಟು ಸಲ ತಗೊಳ್ತಿದ್ದೀರಿ?" ಎಂದರು.

ಯಾವ ಮಾತ್ರೆ ಎಂದು ತಂಗಿ ಗಾಬರಿಯಾದರು. ಅದು ಮಾತ್ರೆಯಲ್ಲ, ಅಲ್ಪವಿರಾಮ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬಾಯಿ ತೋರಿಸುವ ಕೆಲಸ. ಓದಕ್ಕ ಕಿಟಕಿಗೆ ಮುಖ ಮಾಡಿ ಕೂತರು. ತಂಗಿ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಚಮಚ ಹಿಡಿದರು. ಫೋನ್ ಹಿಡಿಯಲು ಮೂರನೇ ಕೈ ಇಲ್ಲದ್ದರಿಂದ ಅದನ್ನು ಹೊಲಿಗೆ ಯಂತ್ರಕ್ಕೆ ಒರಗಿಸಿದರು. ಡಾಕ್ಟರಮ್ಮನಿಗೆ ಮೊದಲು ಛಾವಣಿ ಕಂಡಿತು, ಆಮೇಲೆ ಮೂಗಿನ ಹೊಳ್ಳೆ, ಕಡೆಗೆ ಗಂಟಲು. ಎರಡೂ ಟಾನ್ಸಿಲ್ ಕೆಂಪಗೆ ಊದಿ, ಮೇಲೆ ಬಿಳಿ ಚುಕ್ಕೆಗಳು. ದವಡೆಯ ಕೆಳಗೆ ಬೆರಳಿಟ್ಟು ಒತ್ತಿ ನೋಡಲು ಹೇಳಿದರು. ಒತ್ತಿದಾಗ ಓದಕ್ಕ ಕುರ್ಚಿಯಿಂದ ಒಂದು ಗೇಣು ಎದ್ದರು. ಗಂಟಲಿನ ದ್ರವ ಪರೀಕ್ಷೆಯಾಗಲಿ, ಅಲ್ಲಿಯವರೆಗೆ ಜ್ವರದ ಮಾತ್ರೆ ಸಾಕು ಎಂದರು ಡಾಕ್ಟರಮ್ಮ. ಬೀದಿಯ ಕೊನೆಯ ಲ್ಯಾಬಿನಿಂದ ಒಬ್ಬಾಕೆ ಬಂದು ಹತ್ತಿಯ ಕಡ್ಡಿಯಲ್ಲಿ ಗಂಟಲು ಸವರಿಕೊಂಡು ಹೋದರು. ಮರುದಿನ ಫಲಿತಾಂಶ ಬಂತು. ಬ್ಯಾಕ್ಟೀರಿಯಾ ಇದೆ, ಆಂಟಿಬಯಾಟಿಕ್ ಬೇಕೇ ಬೇಕು.

ಔಷಧದ ಚೀಟಿ ಫೋನಿಗೇ ಬಂತು. ಕೆಳಗೆ ಡಾಕ್ಟರಮ್ಮ ತಾವೇ ನಾಲ್ಕು ಸಾಲು ಕುಟ್ಟಿದ್ದರು: 'ದಿನಕ್ಕೆ ಮೂರು. ಹತ್ತು ದಿನ ಪೂರ್ಥಿ ತೆಗೆದುಕೊಳ್ಳಿ. ಗುಣವಾದರೂ ನಿಲ್ಲಿಸಬೇಡಿ. ಮಾತು ಕಡಿಮೆ ಮಾಡಿ.' ಓದಕ್ಕ ಅದನ್ನು ಗಟ್ಟಿಯಾಗಿ ತಂಗಿಗೆ ಓದಿ ಹೇಳಿದರು, ಪೂರ್ಣವಿರಾಮಗಳ ಸಮೇತ. ಆ ವಿರಾಮಗಳ ನಡುವೆ ತಂಗಿಯ ಕಿವಿಯಲ್ಲಿ ಉಳಿದದ್ದು ದಿನಕ್ಕೆ ಮೂರು ಎಂಬುದು ಮಾತ್ರ. ಎರಡನೇ ಸಾಲಿಗೆ ಬಂದಾಗ ಓದಕ್ಕನ ಕಣ್ಣು ಮಿಂಚಿತಂತೆ. ಜ್ವರದಲ್ಲೂ ಫೋನ್ ಹಿಡಿದು ಡಾಕ್ಟರಮ್ಮನಿಗೆ ಉತ್ತರ ಬರೆದರು: 'ಎರಡನೇ ಸಾಲು. ಪೂರ್ಥಿ ಅಲ್ಲ, ಪೂರ್ತಿ. ಅಲ್ಪಪ್ರಾಣ.' ಅಷ್ಟು ಬರೆದ ಮೇಲೆ ಅವರ ಮಟ್ಟಿಗೆ ಆ ಚೀಟಿಯ ಕೆಲಸ ಮುಗಿಯಿತು.

ಮಾತ್ರೆ ಕೆಲಸ ಮಾಡಿತು. ಮೂರನೇ ದಿನ ಜ್ವರ ಇಳಿಯಿತು, ನಾಲ್ಕನೇ ದಿನ ಗಟ್ಟಿ ಪದಾರ್ಥ ಗಂಟಲಲ್ಲಿ ಇಳಿಯಿತು.

ಈಗ ನನ್ನ ಪಾಲಿನ ತಪ್ಪನ್ನು ಹೇಳಬೇಕು. ಓದಕ್ಕ ರಜೆ ಹಾಕಿದ ಮೂರನೇ ದಿನ ಪ್ರೆಸ್ಸಿನ ಯಜಮಾನರು ಬಾಗಿಲ ಪಕ್ಕದ ಕೋಣೆಗೆ ಒಂದು ಕಂಪ್ಯೂಟರ್ ಇಡಿಸಿದರು. ಅದು ಕಾಗದವನ್ನು ತಾನೇ ನೋಡಿ ಹೆಣ್ಣು ದನಿಯಲ್ಲಿ ಓದುತ್ತದೆ, ಚುಕ್ಕೆ ಗೆರೆ ಸಮೇತ. ಯಜಮಾನರು ಕೆಟ್ಟವರಲ್ಲ, ದೊಡ್ಡ ಕೆಲಸ ಮೈಮೇಲೆ ಬಂದಿತ್ತು, ಓದುವವರಿರಲಿಲ್ಲ. ಮೇಷ್ಟ್ರು ಒಂದು ಬೆಳಗೆಲ್ಲ ಅದರ ಎದುರು ಕೂತು, "ಇದಕ್ಕೆ ಉಸಿರೇ ಇಲ್ಲ, ಆದ್ರೂ ಮಹಾಪ್ರಾಣ ಎಷ್ಟು ಚೆನ್ನಾಗಿ ಹೇಳತ್ತೆ ನೋಡು" ಎಂದು ನನ್ನ ಹತ್ತಿರ ಹೇಳಿದರು. ಆ ಮಾತು ನನಗೆ ಬಹಳ ಹಿಡಿಸಿತು. ಹಿಡಿಸಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ಅದನ್ನೂ ಸೇರಿಸಿ ಓದಕ್ಕನಿಗೆ ಫೋನಿನಲ್ಲಿ ಬರೆದು ಕಳಿಸಿದೆ, ನಿಮ್ಮ ಕುರ್ಚಿಯಲ್ಲಿ ಈಗ ಯಾರು ಕೂತಿದ್ದಾರೆ ಗೊತ್ತೇ ಎಂದು. ತಮಾಷೆಗೆಂದೇ ಬರೆದೆ. ಆ ತಮಾಷೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಐದು ದಿನ ಮಾತ್ರೆ ನುಂಗಿದ ಮರುಬೆಳಿಗ್ಗೆಯೇ, ಕುರ್ಚಿ ಕೈತಪ್ಪೀತೆಂದು, ಓದಕ್ಕ ಕೆಲಸಕ್ಕೆ ಹಾಜರು. ಗುಣವಾಯಿತಲ್ಲ ಎಂದು ಮಾತ್ರೆಯನ್ನೂ ನಿಲ್ಲಿಸಿದ್ದರು. ಉಳಿದ ಹದಿನೈದನ್ನು ತಂಗಿ ಗುಂಡಿಗಳ ಡಬ್ಬಿಯಲ್ಲಿ, ಮುಂದೆ ಯಾವಾಗಲಾದರೂ ಬೇಕಾದೀತೆಂದು, ಜೋಪಾನವಾಗಿ ಎತ್ತಿಟ್ಟರು. ಪ್ರೆಸ್ಸಿನಲ್ಲಿ ಓದುವ ಯಂತ್ರವನ್ನು ಪಕ್ಕಕ್ಕೆ ಸರಿಸಿ ತಮ್ಮ ಕುರ್ಚಿಯಲ್ಲಿ ಕೂತು ಓದಕ್ಕ ಓದಿದ್ದೇ ಓದಿದ್ದು, ರಜೆಯ ದಿನಗಳ ಬಾಕಿಯನ್ನೂ ಸೇರಿಸಿ. ಯಜಮಾನರು ಬಾಗಿಲಲ್ಲಿ ಎರಡು ಸಲ ನಿಂತು ಕೇಳಿಸಿಕೊಂಡು ಹೋದರು. ಯಂತ್ರವನ್ನು ಮಾತ್ರ ಹಿಂದಕ್ಕೆ ಕಳಿಸಲಿಲ್ಲ.

ನಾಲ್ಕನೇ ದಿನಕ್ಕೆ ಗಂಟಲಿನ ಎಡಗಡೆ ಮಾತ್ರ ನೋವು ಶುರುವಾಯಿತು. ಕಿವಿಯೊಳಕ್ಕೂ ಚುಚ್ಚುತ್ತಿತ್ತು. ಆದರೂ ಅವರು ಸಂಜೆಯವರೆಗೆ ಓದುತ್ತಲೇ ಇದ್ದರು. ಮರುಬೆಳಿಗ್ಗೆ ಹಲ್ಲುಜ್ಜಲು ಹೋದರೆ ಬಾಯಿಯೊಳಗೆ ಬ್ರಷ್ ಹೋಗಲಿಲ್ಲ. ತಂಗಿ ತಕ್ಷಣ ಅದೇ ಡಾಕ್ಟರಮ್ಮನನ್ನು ಹಿಡಿದರು.

ಡಾಕ್ಟರಮ್ಮ ಈ ಸಲ ಏನಾಗಿದೆ ಎಂದು ಕೇಳಿದ್ದು ಒಂದೇ ಮಾತು. ಓದಕ್ಕ ಹೇಳಲು ಹೊರಟರು. ಬಾಯಲ್ಲಿ ಬಿಸಿ ಆಲೂಗೆಡ್ಡೆ ಇಟ್ಟುಕೊಂಡವರ ಹಾಗೆ ದನಿ ಬಂತು. ಬಾಯಿ ಎಷ್ಟು ತೆರೆಯುತ್ತದೆ ನೋಡಬೇಕು ಎಂದರು ಡಾಕ್ಟರಮ್ಮ. ಎಷ್ಟು ಬೆರಳು ಹಿಡಿಸುತ್ತದೆ ಎಂದು ಕೇಳುವಷ್ಟರಲ್ಲಿ ತಂಗಿ ಕೊರಳಿಂದ ಟೇಪು ತೆಗೆದು ಅಕ್ಕನ ಹಲ್ಲಿಗೆ ಹಿಡಿದು, ಒಂದೂವರೆ ಸೆಂಟಿಮೀಟರ್ ಎಂದು ಹೇಳಿಯೇಬಿಟ್ಟರು.

ಡಾಕ್ಟರಮ್ಮನ ಮುಖ ಬದಲಾಯಿತು. ಮಾತ್ರೆ ಎಷ್ಟು ಉಳಿದಿದೆ ಎಂದು ಕೇಳಿದರು. ತಂಗಿ ಗುಂಡಿಗಳ ಡಬ್ಬಿ ತಂದು ಪರದೆಯ ಮುಂದೆ ತೆರೆದರು. ಕೋಟಿನ ಗುಂಡಿ, ರವಿಕೆಯ ಹುಕ್ಕುಗಳ ನಡುವೆ ಹದಿನೈದು ಮಾತ್ರೆ.

"ಇದು ಇನ್ನು ಫೋನಲ್ಲಿ ನೋಡೋ ವಿಷಯ ಅಲ್ಲ. ಟಾನ್ಸಿಲ್ ಪಕ್ಕದಲ್ಲಿ ಕೀವು ತುಂಬಿರಬಹುದು, ಉಸಿರಿಗೇ ಅಡ್ಡ ಬರಬಹುದು. ಈಗಲೇ ಹೊರಡಿ. ನಾನು ಪತ್ರ ಕಳಿಸ್ತೀನಿ, ಅಲ್ಲಿ ತೋರಿಸಿ."

ದೊಡ್ಡಾಸ್ಪತ್ರೆಯಲ್ಲಿ ಸೂಜಿ ಹಾಕಿ ಕೀವು ತೆಗೆದರು. ಅದನ್ನು ವಿವರಿಸಲು ನನಗೆ ಮನಸ್ಸಿಲ್ಲ, ತಂಗಿ ವಿವರಿಸಿದಾಗಲೇ ನಾನು ಎದ್ದು ನೀರು ಕುಡಿದು ಬಂದೆ. ಎರಡು ದಿನ ಡ್ರಿಪ್ಪು. ಮತ್ತೆ ಹತ್ತು ದಿನದ ಮಾತ್ರೆ. ಡಿಸ್ಚಾರ್ಜಿಗೆ ಕಾಯುತ್ತ ಕೂತಿದ್ದಾಗ ಓದಕ್ಕ ಹೊಸ ಮಾತ್ರೆಯ ಡಬ್ಬಿ ತೆರೆದರು. ಒಳಗೆ ಎಂಟು ಮಡಿಕೆಯ ಕಾಗದ. ಕೆಳಗಿನ ಮೂಲೆಯಲ್ಲಿ ನಮ್ಮ ಪ್ರೆಸ್ಸಿನ ಗುರುತು. ಅವರೇ ಓದಿದ್ದು, ಒಂದಲ್ಲ, ಮೂರು ಸುತ್ತು. ಒಂಬತ್ತನೇ ಸಾಲಿನಲ್ಲಿ, ರೋಗಲಕ್ಷಣಗಳು ಕಡಿಮೆಯಾದರೂ ಔಷಧವನ್ನು ಅರ್ಧಕ್ಕೆ ನಿಲ್ಲಿಸಬಾರದು, ನಿಲ್ಲಿಸಿದರೆ ಸೋಂಕು ಮರಳಿ ಉಲ್ಬಣಿಸಬಹುದು ಎಂದಿತ್ತು. ನಡುವಿನ ಅಲ್ಪವಿರಾಮ ಮೊದಲು ಬಿಟ್ಟುಹೋಗಿದ್ದು, ಅದನ್ನು ಹಾಕಿಸಿದ್ದು ಅವರಿಗೆ ನೆನಪಿತ್ತು. ಸಾಲಿನಲ್ಲಿ ಏನಿದೆ ಎಂಬುದು ಅವತ್ತೇ ಗೊತ್ತಾದದ್ದು. ಕಾಗದ ಮಡಿಚಿ ತಂಗಿಯ ಕೈಗೆ ಕೊಟ್ಟು ಅತ್ತರಂತೆ.

ಮೂರು ದಿನ ಬಿಟ್ಟು ಡಾಕ್ಟರಮ್ಮ ಮತ್ತೆ ಫೋನಿನಲ್ಲಿ ನೋಡಿದರು. ಬಾಯಿ ಚೆನ್ನಾಗಿ ತೆರೆಯಿತು. ಎಲ್ಲ ಮುಗಿದ ಮೇಲೆ, ನಿಲ್ಲಿಸಬೇಡಿ ಅಂತ ಬರೆದಿದ್ದೆನಲ್ಲ, ಓದಲಿಲ್ಲವೇ ಎಂದು ಕೇಳಿದರು.

"ಓದಿದೆ ಡಾಕ್ಟ್ರೇ," ಎಂದರು ಓದಕ್ಕ. "ಬರೀ ಓದಿದೆ."

ಡಾಕ್ಟರಮ್ಮನಿಗೆ ಏನರ್ಥವಾಯಿತೋ. ತಿದ್ದುಪಡಿ ತಲುಪಿದೆ, ಇನ್ನು ಮುಂದೆ ಅಲ್ಪಪ್ರಾಣವನ್ನೇ ಹಾಕುತ್ತೇನೆ ಎಂದು ನಕ್ಕರು. ಮನೆಗೆ ಬಂದು ಒಂದು ವಾರ ತುಂಬಿದ ಮೇಲೆ ಕೆಲಸಕ್ಕೆ ಹೋಗಬಹುದು ಎಂದೂ ಹೇಳಿದರು.

ಅಷ್ಟರಲ್ಲಿ ಯಂತ್ರ ಕೋಣೆಯಲ್ಲಿ ಬೇರು ಬಿಟ್ಟಿತ್ತು. ಓದಕ್ಕ ಬಂದ ದಿನ ಯಜಮಾನರು ನೇರವಾಗಿಯೇ ಹೇಳಿದರು. ಯಂತ್ರವನ್ನೂ ಓದಕ್ಕನನ್ನೂ ಇಟ್ಟುಕೊಳ್ಳಲು ಆಗುವುದಿಲ್ಲ. ಒಂದೇ ಮೂಲಪ್ರತಿ, ಒಂದೇ ಕರಡು. ಒಂದು ಕಡೆ ಯಂತ್ರ ಓದಲಿ, ಯಜಮಾನರೇ ಕೂತು ತಿದ್ದುತ್ತಾರೆ. ಇನ್ನೊಂದು ಕಡೆ ಓದಕ್ಕ ಓದಲಿ, ಮೇಷ್ಟ್ರು ತಿದ್ದಲಿ. ಯಾರದು ಸರಿಯೋ ಕುರ್ಚಿ ಅವರದು. ಓದಕ್ಕ ತಲೆಯಾಡಿಸಿದರು. ಬೇರೆ ಕೆಲಸ ಅವರಿಗೆ ಬರುವುದಿಲ್ಲ, ಆ ಕೆಲಸ ಬೇರೆಲ್ಲೂ ಇಲ್ಲ. ಅದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಪರೀಕ್ಷೆಗಾಗಿ ಯಜಮಾನರು ನನ್ನ ಕೈಯಿಂದಲೇ ಕರಡಿನಲ್ಲಿ ಹನ್ನೆರಡು ತಪ್ಪು ಹಾಕಿಸಿದರು. ಬೇಕೆಂದೇ ತಪ್ಪು ಮಾಡು ಎಂದು ಯಾರಾದರೂ ನನಗೆ ಹೇಳಿದ್ದು ಅದೇ ಮೊದಲು. ಮಾಡಲು ಹೋದರೆ ಎಷ್ಟು ಕಷ್ಟ! ಎಲ್ಲಿ ಏನು ಕೆಡಿಸಿದೆ ಎಂದು ಒಂದು ಪಟ್ಟಿ ಮಾಡಿ ಅವರ ಕೈಗೆ ಕೊಟ್ಟೆ. ಮೂಲಪ್ರತಿ ಹೊಸ ಕಂಪನಿಯೊಂದರದು, ಅವರ ಸಹಿ, ಮೊಹರು ಎಲ್ಲ ಬಿದ್ದದ್ದು.

ಓದಕ್ಕ ಓದಿದರು. ನಾನು ಗೋಡೆಯಾಚೆ ಕೂತು ಕೇಳುತ್ತಿದ್ದೆ. ದನಿ ಸ್ವಲ್ಪ ತೆಳುವಾಗಿತ್ತು, ಮಹಾಪ್ರಾಣಗಳು ಮಾತ್ರ ಒಂದೂ ಕೆಟ್ಟಿರಲಿಲ್ಲ. ಮೊದಲಿಗಿಂತ ನಿಧಾನ ಎನ್ನಿಸಿತು, ನಡುವೆ ಒಂದೆರಡು ಕಡೆ ತಡೆದರು. 

ಸಂಜೆ ಎರಡು ಕರಡನ್ನೂ ಯಜಮಾನರು ಮೇಜಿನ ಮೇಲೆ ಪಕ್ಕಪಕ್ಕ ಹರಡಿದರು. ಯಂತ್ರದ ಕಡೆ ಹನ್ನೆರಡಕ್ಕೆ ಹನ್ನೆರಡು. ಓದಕ್ಕನ ಕಡೆಯೂ ಹನ್ನೆರಡು. ಆದರೆ ಅವರ ಕರಡಿನಲ್ಲಿ ಹದಿಮೂರನೆಯ ಗುರುತೊಂದಿತ್ತು. 'ಕಡಿಮೆಯಾದರೂ ಔಷಧವನ್ನು ನಿಲ್ಲಿಸಬಹುದು' ಎಂದಿದ್ದಲ್ಲಿ ಮೇಷ್ಟ್ರು ಹೊಡೆದು 'ನಿಲ್ಲಿಸಬಾರದು' ಎಂದು ಬರೆದಿದ್ದರು. ಯಜಮಾನರು ಮೂಲಪ್ರತಿ ತೆಗೆದು ನೋಡಿದರು. ಅಲ್ಲಿಯೂ ಬಹುದು ಎಂದೇ ಇತ್ತು. ನನ್ನನ್ನು ನೋಡಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಕುಟ್ಟಿದ್ದೆ. ಮೇಷ್ಟ್ರು ತಮಗೆ ಕೇಳಿಸಿದ್ದು ಬಾರದು ಎಂದು ಮೆಲ್ಲಗೆ ಹೇಳಿದರು. ಅಂದರೆ ಓದಕ್ಕ ಕಾಗದದ ಮೇಲೆ ಇಲ್ಲದ್ದನ್ನು ಓದಿದ್ದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ.

"ಯಂತ್ರ ಇದ್ದ ಹಾಗೇ ಓದ್ತು ನೋಡಿ," ಎಂದರು ಯಜಮಾನರು. ಅವರ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ.

ಓದಕ್ಕನ ಮುಖ ಬಿಳಿಚಿಕೊಂಡಿತು. ಬಾರದು ಎಂದು ಓದಿದ್ದು ಅವರಿಗೇ ಗೊತ್ತಿರಲಿಲ್ಲ. ಮೂಲಪ್ರತಿಯನ್ನು ಕೈಗೆ ತೆಗೆದುಕೊಂಡು ಆ ಸಾಲನ್ನು ಸದ್ದಿಲ್ಲದೆ ಓದಿದರು. ಇನ್ನೊಮ್ಮೆ ಓದಿದರು. ಮೇಷ್ಟ್ರು ನೆಲ ನೋಡುತ್ತಿದ್ದರು.

"ಇದು ತಪ್ಪು," ಎಂದರು ಓದಕ್ಕ.

ಹೌದಮ್ಮ, ಪರವಾಗಿಲ್ಲ, ಹುಷಾರಿಲ್ಲದೆ ಬಂದಿದ್ದೀರಿ, ಎಂದು ಯಜಮಾನರು ಸಮಾಧಾನಕ್ಕೆ ಹೊರಟರು.

"ನಾನು ಓದಿದ್ದಲ್ಲ. ಕಾಗದ ತಪ್ಪು. ನಾನು ಐದೇ ದಿನಕ್ಕೆ ನಿಲ್ಲಿಸಿದೆ, ಹತ್ತನೇ ದಿನ ಆಸ್ಪತ್ರೇಲಿ ಮಲಗಿದ್ದೆ. ಕಂಪನಿಗೆ ಫೋನ್ ಮಾಡಿ."

ಮೊಹರು ಬಿದ್ದ ಪ್ರತಿಯನ್ನು ಪ್ರಶ್ನಿಸುವ ಪದ್ಧತಿ ನಮ್ಮಲ್ಲಿಲ್ಲ. ಯಜಮಾನರು ಕನ್ನಡಕ ತೆಗೆದರು, ಹಾಕಿಕೊಂಡರು, ಆ ಸಾಲನ್ನು ತಾವೂ ಓದಿದರು. ಆಮೇಲೆ ಫೋನ್ ಎತ್ತಿದರು. ಆ ಕಡೆಯವರು ಮೊದಲು ಹಾರಿಕೆಯ ಉತ್ತರ ಕೊಟ್ಟರು, ಆಮೇಲೆ ಕಡತ ತರಿಸಿದರು. ಕಡೆಗೆ ದಯವಿಟ್ಟು ಅಚ್ಚು ನಿಲ್ಲಿಸಿ ಎಂದರು. ಯಜಮಾನರು ಫೋನ್ ಇಟ್ಟು, ನನ್ನ ಪಟ್ಟಿಯ ಕೆಳಗೆ ತಮ್ಮ ಕೈಯಾರೆ ಹದಿಮೂರು ಎಂದು ಬರೆದರು.

ಯಂತ್ರ ಈಗ ನನ್ನ ಮಗ್ಗುಲಿಗೆ ಬಂದಿದೆ, ಬರೀ ಅಂಕಿಗಳ ಪಟ್ಟಿ ಓದುತ್ತದೆ. ಓದಕ್ಕ ತಮ್ಮ ಕುರ್ಚಿಯಲ್ಲಿದ್ದಾರೆ. ಆದರೆ ಮೊದಲಿನ ಓದಕ್ಕ ಅಲ್ಲ, ಅದನ್ನೂ ಹೇಳಬೇಕು. ಈಗ ಅವರಿಗೆ ಓದಿದ್ದೆಲ್ಲ ತಿಳಿಯುತ್ತದೆ. ಎದೆನೋವು ಕಾಣಿಸಬಹುದು ಎಂದು ಓದಿದರೆ ಒಂದು ಕ್ಷಣ ನಿಲ್ಲುತ್ತಾರೆ, ಮಕ್ಕಳಿಗೆ ಕೊಡಕೂಡದು ಎಂದಿದ್ದರೆ ಇನ್ನೊಮ್ಮೆ ಓದುತ್ತಾರೆ. ಮೊದಲಿನ ಅರ್ಧದಷ್ಟೂ ಕೆಲಸ ಸಾಗುವುದಿಲ್ಲ. ಹೆದರಿಕೆಯಾಗುತ್ತದೆ, ಹೀಗೆಲ್ಲ ಇರುತ್ತದೆಂದು ಗೊತ್ತಿದ್ದರೆ ಈ ಕೆಲಸಕ್ಕೆ ಬರುತ್ತಲೇ ಇರಲಿಲ್ಲ ಎಂದು ಒಂದು ದಿನ ಹೇಳಿದರು. ಅರ್ಥ ಮಾಡಿಕೊಳ್ಳಬೇಡ ಎಂದು ಮೇಷ್ಟ್ರು ಈಗ ಹೇಳುವುದಿಲ್ಲ. ಪೆನ್ಸಿಲ್ ಹಿಡಿದು ಕಾಯುತ್ತಾರೆ.

ಆಸ್ಪತ್ರೆಯವರು ಕೊಟ್ಟ ಮಾತ್ರೆಯ ಹತ್ತನೇ ದಿನ ನಾನು ಯಾವುದೋ ಕರಡು ಕೊಡಲು ಕೋಣೆಗೆ ಹೋಗಿದ್ದೆ. ಓದಕ್ಕ ಕೊನೆಯದನ್ನು ನೀರಿನೊಂದಿಗೆ ನುಂಗಿ, ಖಾಲಿಯಾದ ಮಾತ್ರೆಯ ಹಾಳೆಯನ್ನು ಮೇಷ್ಟ್ರ ಮುಂದೆ ಮೇಜಿನ ಮೇಲಿಟ್ಟರು.

"ಪೂರ್ತಿ," ಎಂದರು.

ಮೇಷ್ಟ್ರು ಒಂದೊಂದೇ ಗುಳಿಯ ಮೇಲೆ ಪೆನ್ಸಿಲ್ ತುದಿ ಇಟ್ಟು ಕೊನೆಯವರೆಗೆ ನೋಡಿದರು.

"ಯಾವ ತ?"

"ಅಲ್ಪಪ್ರಾಣ," ಎಂದು ಓದಕ್ಕ ಮುಂದಿನ ಕಾಗದ ಎತ್ತಿಕೊಂಡರು.